ಕಾಸಾ ತರಬೇತಿಯ ಬಗ್ಗೆ ನೀವು ಕೇಳಿದ ಪ್ರಶ್ನೆಗಳಿಗೆ

ಸೋದರಿಯವರಿಗೆ ನಮಸ್ಕಾರಗಳು.

ಹಾಸನದ ಪ್ರೌಢಶಾಲೆಯಲ್ಲಿ 11 ವರ್ಷ ಪಾಠ ಹೇಳಿ, ಈಗ ಪತಿಯೊಂದಿಗೆ ಅಮೆರಿಕದ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಗೆ ಬಂದು ನೆಲೆಸಿರುವ ನೀವು, ಫಾಸ್ಟರ್ ಕೇರ್‌ನಲ್ಲಿರುವ (ತಂದೆತಾಯಿಯರಿಂದ ಬೇರೆಯಾಗಿ ಬಂಧುಗಳ ಇಲ್ಲವೇ ಸಾಕು ಕುಟುಂಬದ ಆಶ್ರಯದಲ್ಲಿರುವ) ಮಕ್ಕಳ ಪರವಾಗಿ ಕೆಲಸ ಮಾಡುವ ಕಾಸಾ ಸ್ವಯಂಸೇವಕರ ಕರಪತ್ರವೊಂದನ್ನು ಗ್ರಂಥಾಲಯದಲ್ಲಿ ಕಂಡು ನನಗೆ ಬರೆದಿದ್ದೀರಿ. ತರಬೇತಿಯಲ್ಲಿ ಏನು ಕಲಿಸುತ್ತಾರೆ, ನನ್ನ ಇಂಗ್ಲಿಷ್ ಸಾಕಾಗುತ್ತದೆಯೇ, ಇಲ್ಲಿನ ಮನೆಗಳ ಒಳಗನ್ನೇ ಅರಿಯದ ಹೊರಗಿನವಳೊಬ್ಬಳು ಇಲ್ಲಿನ ಮಗುವಿನ ಪರವಾಗಿ ನ್ಯಾಯಾಲಯದಲ್ಲಿ ಮಾತನಾಡುವುದು ಸರಿಯೇ ಎಂದು ಕೇಳಿದ್ದೀರಿ. ಮೂರನೆಯ ಪ್ರಶ್ನೆಯನ್ನು ಕೇಳಿಕೊಳ್ಳದವರು ಈ ಕೆಲಸಕ್ಕೆ ಬರಬಾರದೆಂದು ನಾನು ತಿಳಿದಿದ್ದೇನೆ. ಆದ್ದರಿಂದ ತುಸು ವಿವರವಾಗಿಯೇ ಬರೆಯುತ್ತೇನೆ.

ಊರಿನಲ್ಲಿ ಮಗುವೊಂದು ಆಪತ್ತಿನಲ್ಲಿದ್ದರೆ ವಿಷಯ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಗೆ ಹೋಗುತ್ತದೆ, ಹಲವು ಸಲ ಮಗು ಬಾಲಮಂದಿರ ಸೇರುತ್ತದೆ ಎಂಬುದನ್ನು ಶಿಕ್ಷಕಿಯಾಗಿ ನೀವು ಬಲ್ಲಿರಿ. ಇಲ್ಲಿ ಆ ತೀರ್ಮಾನ ನ್ಯಾಯಾಧೀಶರದು, ಮಗುವನ್ನು ಇರಿಸುವುದು ಸಾಧ್ಯವಾದಷ್ಟೂ ಬಂಧುಗಳ ಮನೆಯಲ್ಲಿ ಇಲ್ಲವೇ ಸಾಕು ಕುಟುಂಬದಲ್ಲಿ. 1970ರ ದಶಕದಲ್ಲಿ ಸಿಯಾಟಲ್‌ನ ಡೇವಿಡ್ ಸೂಕಪ್ ಎಂಬ ನ್ಯಾಯಾಧೀಶರಿಗೆ, ಮಗುವನ್ನು ಸರಿಯಾಗಿ ಬಲ್ಲ ಒಬ್ಬರ ಮಾತನ್ನೂ ಕೇಳದೆ ಅದರ ಬದುಕನ್ನು ನಿರ್ಧರಿಸುತ್ತಿದ್ದೇನೆಂಬ ಕೊರಗು ಹತ್ತಿತು. 1977ರಲ್ಲಿ ಅವರು ಸಾಮಾನ್ಯ ನಾಗರಿಕರಿಗೆ ತರಬೇತಿ ಕೊಟ್ಟು, ಒಂದೊಂದು ಮಗುವಿಗೆ ಒಬ್ಬೊಬ್ಬರನ್ನು ನೇಮಿಸುವ ಪದ್ಧತಿಯನ್ನು ಆರಂಭಿಸಿದರು. ‘ಕೋರ್ಟ್ ಅಪಾಯಿಂಟೆಡ್ ಸ್ಪೆಷಲ್ ಅಡ್ವೊಕೇಟ್’ ಎಂಬ ಹೆಸರಿನ ಹ್ರಸ್ವರೂಪವೇ ಕಾಸಾ. ಅಡ್ವೊಕೇಟ್ ಎಂದಿದ್ದರೂ ನಾವು ವಕೀಲರಲ್ಲ. ಮಗುವಿಗೆ ವಕೀಲರು ಬೇರೆ ಇರುತ್ತಾರೆ, ಕೌಂಟಿಯ (ಇಲ್ಲಿನ ಜಿಲ್ಲೆಯ) ಸೋಶಿಯಲ್ ವರ್ಕರ್ ಬೇರೆ ಇರುತ್ತಾರೆ. ಅವರಿಬ್ಬರ ಮೇಜಿನ ಮೇಲೂ ಹತ್ತಾರು ಮಕ್ಕಳ ಕಡತಗಳಿರುತ್ತವೆ. ಕಾಸಾ ಸ್ವಯಂಸೇವಕರ ಕೈಯಲ್ಲಿ ಸಾಮಾನ್ಯವಾಗಿ ಒಂದೇ ಪ್ರಕರಣವಿರುತ್ತದೆ, ಹೆಚ್ಚೆಂದರೆ ಎರಡು. ನಮ್ಮ ಬೆಲೆಯೆಲ್ಲ ಇರುವುದು ಆ ಒಂದರಲ್ಲಿ.

ತರಬೇತಿ ಕನಿಷ್ಠ 30 ಗಂಟೆಗಳದು. ಅದಾದ ಮೇಲೂ ಪ್ರತಿವರ್ಷ 12 ಗಂಟೆಗಳ ಕಲಿಕೆಯನ್ನು ಪೂರೈಸಬೇಕು. ಸೇರಲು 21 ವರ್ಷ ತುಂಬಿರಬೇಕು. ಸಂದರ್ಶನ, ಪರಿಚಿತರ ಶಿಫಾರಸು ಪತ್ರಗಳು, ಬೆರಳಚ್ಚಿನ ಮೂಲಕ ಪೊಲೀಸ್ ದಾಖಲೆಗಳ ಪರಿಶೀಲನೆ (ಕ್ಯಾಲಿಫೋರ್ನಿಯಾದಲ್ಲಿ ಇದನ್ನು ಲೈವ್ ಸ್ಕ್ಯಾನ್ ಎನ್ನುತ್ತಾರೆ) ಎಲ್ಲವೂ ಮುಗಿದು, ನ್ಯಾಯಾಧೀಶರ ಮುಂದೆ ಪ್ರಮಾಣ ಸ್ವೀಕರಿಸಿದ ಮೇಲೆಯೇ ಮಗುವನ್ನು ಕಾಣಲು ಬಿಡುತ್ತಾರೆ. ತರಗತಿಯಲ್ಲಿ ಕಾನೂನೂ ಇರುತ್ತದೆ, ಮಗುವಿನ ಬೆಳವಣಿಗೆಯ ಹಂತಗಳೂ ಇರುತ್ತವೆ, ಆಘಾತ ಅನುಭವಿಸಿದ ಮಗುವಿನ ನಡವಳಿಕೆ ಹೇಗೆ ಬದಲಾಗುತ್ತದೆ ಎಂಬುದೂ ಇರುತ್ತದೆ. ಇವನ್ನು ನೀವು ಸುಲಭವಾಗಿ ಕಲಿಯುವಿರಿ. ನನಗೆ ಕಷ್ಟವಾದದ್ದು ಬೇರೆ.

ನಿಜವಾದ ಪ್ರಕರಣಗಳ ಬಗ್ಗೆ ನಾವು ಹೊರಗೆ ಒಂದಕ್ಷರವನ್ನೂ ಆಡುವಂತಿಲ್ಲ, ಆದ್ದರಿಂದ ತರಗತಿಯಲ್ಲಿ ಅಭ್ಯಾಸಕ್ಕೆ ಕೊಟ್ಟ ಕಲ್ಪಿತ ಕುಟುಂಬವೊಂದರ ಕಥೆಯನ್ನೇ ಹೇಳುತ್ತೇನೆ. ಒಬ್ಬ ಎಳೆಯ ತಾಯಿ, ಆರು ವರ್ಷದ ಹುಡುಗ, ಎರಡು ವರ್ಷದ ಮಗಳು, ಒಂದೇ ಕೋಣೆಯ ಮನೆ. ಮಕ್ಕಳು ನೆಲದ ಮೇಲೆ ಹಾಸಿದ ಹಾಸಿಗೆಯಲ್ಲಿ ಮಲಗುತ್ತಾರೆ, ಫ್ರಿಜ್‌ನಲ್ಲಿ ಹಾಲು ಮತ್ತು ಅರ್ಧ ಪೊಟ್ಟಣ ಬ್ರೆಡ್ ಮಾತ್ರ ಇದೆ, ಹುಡುಗ ಶಾಲೆಯಲ್ಲಿ ‘ಹೇಳಿದ ಮಾತು ಕೇಳುವುದಿಲ್ಲ’ ಎಂದು ದೂರಿದೆ. ನಾನು ಬರೆದ ವರದಿಯಲ್ಲಿ, ಮಕ್ಕಳಿಗೆ ಮಲಗಲು ತಕ್ಕ ಜಾಗವಿಲ್ಲ, ಹೊಟ್ಟೆಗಿಲ್ಲ, ತಾಯಿಗೆ ಹೊಣೆಗಾರಿಕೆಯಿಲ್ಲ ಎಂದಿತ್ತು. ತರಬೇತಿ ಕೊಡುತ್ತಿದ್ದವರು ಒಂದೊಂದೇ ವಾಕ್ಯವನ್ನು ತೋರಿಸಿ, ಇದನ್ನು ಎಲ್ಲಿ ನೋಡಿದಿರಿ ಎಂದು ಕೇಳಿದರು. ಕಡತದಲ್ಲಿ ಭೇಟಿಯ ದಿನಾಂಕ 29 ಎಂದಿತ್ತು. ಆಹಾರಕ್ಕಾಗಿ ಸರಕಾರ ಕೊಡುವ ನೆರವು ಇಲ್ಲಿ ತಿಂಗಳ ಮೊದಲ ಹತ್ತು ದಿನಗಳೊಳಗೆ ಬರುತ್ತದೆ, ತಿಂಗಳ ಕೊನೆಗೆ ಬಡವರ ಫ್ರಿಜ್ ಬರಿದಾಗುವುದು ತಾಯಿಯ ತಪ್ಪಲ್ಲ. ಇನ್ನು ಹಾಸಿಗೆಯ ಮಾತು. ಶಿವಮೊಗ್ಗದ ನಮ್ಮ ಮನೆಯ ಪಡಸಾಲೆಯಲ್ಲಿ ನಾವು ಮೊಮ್ಮಕ್ಕಳೆಲ್ಲ ಸಾಲಾಗಿ ಚಾಪೆಯ ಮೇಲೆ ಮಲಗಿಯೇ ಬೆಳೆದವರು. ಹಾಗೆ ಬೆಳೆದ ನಾನೇ, ಇಲ್ಲಿ ಮಂಚ ಕಾಣದಿದ್ದುದನ್ನು ತಾಯಿಯ ಮೇಲಿನ ಆರೋಪವಾಗಿ ಬರೆದಿದ್ದೆ. ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿತ್ತು. ಅದೇ ಕಡತದ ಮೂರನೆಯ ಪುಟದಲ್ಲಿ, ಹುಡುಗನಿಗೆ ಪದೇ ಪದೇ ಕಿವಿ ಸೋರುತ್ತಿತ್ತೆಂದೂ ಶ್ರವಣ ಪರೀಕ್ಷೆ ಆಗಿಲ್ಲವೆಂದೂ ಒಂದು ಸಾಲಿತ್ತು. ಅದನ್ನು ನಾನು ಓದಿಯೂ ಬಿಟ್ಟಿದ್ದೆ. ಮಾತು ಕೇಳದ ಹುಡುಗನಿಗೆ ಕಿವಿಯೇ ಕೇಳಿಸುತ್ತಿಲ್ಲದಿರಬಹುದು, ಅವನ ಪರವಾಗಿ ನ್ಯಾಯಾಲಯವನ್ನು ಕೇಳಬೇಕಾದದ್ದು ಆ ಪರೀಕ್ಷೆಯನ್ನು. ಈ ಕೆಲಸದ ತಿರುಳು ಇಷ್ಟೇ ಎಂದು ನನಗೆ ಅನ್ನಿಸಿದೆ: ಅಂದುಕೊಂಡದ್ದನ್ನು ಬದಿಗಿಟ್ಟು ಕಂಡದ್ದನ್ನು ಬರೆಯುವುದು, ಮತ್ತು ಯಾರ ಕಣ್ಣಿಗೂ ಬೀಳದ ಆ ಒಂದು ಸಾಲನ್ನು ಬಿಡದೆ ಹಿಡಿಯುವುದು. ತರಬೇತಿಯಲ್ಲಿ ‘ಮಿನಿಮಮ್ ಸಫಿಷಿಯೆಂಟ್ ಲೆವೆಲ್ ಆಫ್ ಕೇರ್’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಮಗು ಸುರಕ್ಷಿತವಾಗಿರಲು ಸಾಕಾಗುವಷ್ಟು ಪಾಲನೆ ಸ್ವಂತ ಮನೆಯಲ್ಲಿ ಸಿಗುತ್ತದೆಯೇ ಎಂಬುದೇ ಪ್ರಶ್ನೆ. ಇದಕ್ಕಿಂತ ಅನುಕೂಲವಂತರ ಮನೆ ಇನ್ನೊಂದಿದೆಯೇ ಎಂಬುದು ಪ್ರಶ್ನೆಯಲ್ಲ. ಓದು, ಶಿಸ್ತು, ಅಚ್ಚುಕಟ್ಟು ಎಂದು ಮಕ್ಕಳನ್ನು ಬೆಳೆಸಿದ ನಮ್ಮಂಥವರಿಗೆ ಈ ಅಳತೆಗೋಲು ಸುಲಭವಾಗಿ ಕೈಗೆ ಹತ್ತುವುದಿಲ್ಲ. ಹಾಗೆಂದು ಬಡತನದ ಹೆಸರಿನಲ್ಲಿ ಹೊಡೆತ ಬಡಿತವನ್ನು ಮನ್ನಿಸುವುದನ್ನೂ ಕಾನೂನು ಒಪ್ಪುವುದಿಲ್ಲ. ದೌರ್ಜನ್ಯದ ಅನುಮಾನ ಬಂದರೆ ವರದಿ ಮಾಡುವುದು ಕ್ಯಾಲಿಫೋರ್ನಿಯಾದಲ್ಲಿ ಕಾಸಾ ಸ್ವಯಂಸೇವಕರ ಕಡ್ಡಾಯ ಕರ್ತವ್ಯ.

ಕಾನೂನಿನ ಭಾಗದಲ್ಲಿ ನಿಮ್ಮ ಗಮನ ಹೆಚ್ಚು ಬೇಕಾದದ್ದು ಕಾಲಮಿತಿಗೆ. ಅಮೆರಿಕದ 1997ರ ಕೇಂದ್ರ ಕಾಯ್ದೆಯ ಪ್ರಕಾರ, ಮಗು ಕಳೆದ 22 ತಿಂಗಳುಗಳಲ್ಲಿ 15 ತಿಂಗಳು ಫಾಸ್ಟರ್ ಕೇರ್‌ನಲ್ಲಿದ್ದರೆ, ಕೆಲವು ವಿನಾಯಿತಿಗಳನ್ನು ಬಿಟ್ಟು, ತಂದೆತಾಯಿಯರ ಹಕ್ಕನ್ನು ಕೊನೆಗಾಣಿಸಲು ರಾಜ್ಯವು ಅರ್ಜಿ ಹಾಕಬೇಕಾಗುತ್ತದೆ. ವ್ಯಸನದಿಂದ ಹೊರಬರಲು ಹೆಣಗುತ್ತಿರುವ ತಾಯಿಗೆ ಈ ಅವಧಿ ತೀರ ಚಿಕ್ಕದು, ಮಗುವಿಗೆ ಅದೇ ಒಂದು ಯುಗ. ಎರಡೂ ನಿಜವೆಂದು ಅರಿತೇ ಶಿಫಾರಸು ಬರೆಯಬೇಕು. 1978ರ ‘ಇಂಡಿಯನ್ ಚೈಲ್ಡ್ ವೆಲ್ಫೇರ್ ಆ್ಯಕ್ಟ್’ ಎಂಬ ಪಾಠ ಬಂದಾಗ, ಅದು ನಮ್ಮ ದೇಶದ ಮಕ್ಕಳ ಮಾತಲ್ಲ, ಇಲ್ಲಿನ ಮೂಲನಿವಾಸಿ ಬುಡಕಟ್ಟುಗಳ ಮಕ್ಕಳದು ಎಂಬುದು ನೆನಪಿರಲಿ. ಮಕ್ಕಳ ಹಿತದ ಹೆಸರಿನಲ್ಲಿಯೇ ಆ ಜನರಿಂದ ಅಪಾರ ಸಂಖ್ಯೆಯ ಮಕ್ಕಳನ್ನು ಕಿತ್ತುಕೊಂಡು ಹೊರಗಿನವರ ಮನೆಗಳಿಗೆ ಕೊಟ್ಟ ಇತಿಹಾಸ ಅದರ ಹಿಂದಿದೆ. ಈ ಕಾಯ್ದೆಯನ್ನು ಇಲ್ಲಿನ ಸುಪ್ರೀಂ ಕೋರ್ಟ್ 2023ರಲ್ಲಿ ಎತ್ತಿಹಿಡಿಯಿತು. ಹೊರಗಿನವಳಾದ ನಾನು ಎಂದು ನೀವು ಕೇಳಿದ ಪ್ರಶ್ನೆಗೆ ಆ ಪಾಠದಷ್ಟು ಗಂಭೀರವಾದ ಉತ್ತರವನ್ನು ನಾನು ಕೊಡಲಾರೆ.

ಇಂಗ್ಲಿಷ್‌ನ ಚಿಂತೆ ಬಿಡಿ. ವರದಿಗೆ ಬೇಕಾದದ್ದು ಸಣ್ಣ, ನೇರ ವಾಕ್ಯಗಳು. ಇಂಥ ದಿನ ಹೋದೆ, ಇದನ್ನು ಕಂಡೆ, ಮಗು ತನ್ನ ಮಾತಿನಲ್ಲಿ ಹೀಗೆ ಹೇಳಿತು, ಅದರ ಅಪೇಕ್ಷೆ ಇದು, ನನ್ನ ಶಿಫಾರಸು ಇದು. ಮಗುವಿನ ಅಪೇಕ್ಷೆಯೂ ನಿಮ್ಮ ಶಿಫಾರಸೂ ಬೇರೆಯಾದಾಗ ಎರಡನ್ನೂ ಬರೆಯಬೇಕು. ನ್ಯಾಯಾಲಯಕ್ಕೆ ಹೋಗುವ ಮೊದಲು ಸೂಪರ್‌ವೈಸರ್ ವರದಿಯನ್ನು ಓದಿ ತಿದ್ದಿಸುತ್ತಾರೆ. ನಿಮ್ಮದು ಅವಲಂಬಿತರ ವೀಸಾ ಆಗಿದ್ದು ಸೋಶಿಯಲ್ ಸೆಕ್ಯುರಿಟಿ ಸಂಖ್ಯೆ ಇಲ್ಲದಿದ್ದರೆ, ಅರ್ಜಿ ತುಂಬುವ ಮೊದಲೇ ಕೌಂಟಿಯ ಕಾಸಾ ಕಚೇರಿಯ ಮಾಹಿತಿ ಸಭೆಗೆ ಹೋಗಿ ಆ ವಿಷಯವನ್ನು ಕೇಳಿ, ವೀಸಾದ ಬಗ್ಗೆ ವಕೀಲರ ಮಾತನ್ನೂ ಕೇಳಿ.

ಮಗುವಿಗೆ ಹಣ ಕೊಡುವಂತಿಲ್ಲ, ಮನೆಗೆ ಕರೆತಂದು ಊಟ ಬಡಿಸುವಂತಿಲ್ಲ. ಹಸಿದು ಬಂದವರಿಗೆ ಎಲೆ ಹಾಕುವ ಮನೆಯಿಂದ ಬಂದ ನಮಗೆ ಇದು ನಿಷ್ಠುರವೆನಿಸುತ್ತದೆ. ಆದರೆ ಹಲವು ಮನೆಗಳ ಬಾಗಿಲು ತೆರೆದು ಮುಚ್ಚಿದ್ದನ್ನು ಕಂಡ ಮಗುವಿಗೆ ಇನ್ನೊಂದು ಮನೆಯ ಆಸೆ ಹುಟ್ಟಿಸಬಾರದೆಂಬುದು ಆ ನಿಯಮದ ಹಿಂದಿನ ಕಾಳಜಿ. ನಾವು ಕೊಡಬಹುದಾದದ್ದು ಹೇಳಿದ ದಿನ, ಹೇಳಿದ ಹೊತ್ತಿಗೆ ತಪ್ಪದೆ ಹೋಗುವುದು.

ಅದಕ್ಕಾಗಿಯೇ ಕೊನೆಯದಾಗಿ ಒಂದು ಮಾತು. ಪ್ರಕರಣವೊಂದು ಒಂದೂವರೆ ಎರಡು ವರ್ಷ ನಡೆಯುವುದು ಸಾಮಾನ್ಯ. ನಮ್ಮವರು ಬೇಸಿಗೆಯಲ್ಲಿ ಆರೆಂಟು ವಾರ ಊರಿಗೆ ಹೋಗಿಬಿಡುತ್ತೇವೆ. ಪತಿಯೊಂದಿಗೆ ಇದನ್ನು ಈಗಲೇ ಮಾತನಾಡಿ, ಪ್ರವಾಸವನ್ನು ಚಿಕ್ಕದು ಮಾಡಿಕೊಳ್ಳಿ, ವಿಚಾರಣೆಯ ದಿನಾಂಕಗಳನ್ನು ನೋಡಿಕೊಂಡೇ ಟಿಕೆಟ್ ತೆಗೆಸಿ. ಹೊರಡುವ ಮೊದಲು ಮಗುವಿನ ಎದುರು ಕ್ಯಾಲೆಂಡರ್ ಇಟ್ಟು, ನೀವು ಮರಳಿ ಬರುವ ದಿನದ ಮೇಲೆ ಅದರ ಕೈಯಿಂದಲೇ ಗುರುತು ಹಾಕಿಸಿ, ಆ ದಿನ ಹೋಗಿ ನಿಲ್ಲಿ.