ಊರು ಪಟ್ಟಣ ಪಂಚಾಯಿತಿಯಾದ ಮೇಲೆ ನಾವು ಕೇಳುವುದು ಎಲ್ಲಿ?

ನೀವು ಕೇಳಿರುವುದು ಇಷ್ಟು: ನಿಮ್ಮ ಊರು ಗ್ರಾಮ ಪಂಚಾಯಿತಿಯಿಂದ ಪಟ್ಟಣ ಪಂಚಾಯಿತಿಯಾಗಿದೆ, ಮನೆಗಂದಾಯ ಏರಿದೆ, ಚರಂಡಿ ಮಾತ್ರ ಹಾಗೆಯೇ ಇದೆ, ಕಚೇರಿಯಲ್ಲಿ ಏನು ನಡೆಯುತ್ತಿದೆ ಎಂಬುದೇ ತಿಳಿಯುವುದಿಲ್ಲ, ಸಾಮಾನ್ಯ ಜನ ಏನು ಮಾಡಬಹುದು?

ನಮ್ಮ ಊರೂ ಹೀಗೆಯೇ ಪಟ್ಟಣ ಪಂಚಾಯಿತಿಯಾದ ಊರು. ಶಾಲೆ ರಸ್ತೆಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಇದೆ. ಕಚೇರಿಯ ಬೋರ್ಡು ಬದಲಾದ ದಿನ ಪಟಾಕಿ ಹಚ್ಚಿದ್ದರು, ನಾನೂ ಸಂತೋಷಪಟ್ಟಿದ್ದೆ. ಆ ದಿನ ನಾವು ಕಳೆದುಕೊಂಡದ್ದು ಏನು ಎಂಬುದು ಅರ್ಥವಾಗಲು ನನಗೆ ಮೂರು ಮಳೆಗಾಲ ಬೇಕಾಯಿತು.

ಕಳೆದುಕೊಂಡದ್ದು ಗ್ರಾಮಸಭೆಯನ್ನು. ಗ್ರಾಮ ಪಂಚಾಯಿತಿ 1993ರ ಪಂಚಾಯತ್ ರಾಜ್ ಕಾಯ್ದೆಯ ಕೆಳಗೆ ನಡೆಯುತ್ತದೆ. ಅದರಲ್ಲಿ ವಾರ್ಡ್‌ಸಭೆ, ಗ್ರಾಮಸಭೆಗಳು ಕಡ್ಡಾಯ. ಆರು ತಿಂಗಳಿಗೊಮ್ಮೆಯಾದರೂ ಜನರನ್ನು ಕರೆದು ಕೂರಿಸಿ ಯಾವ ಕೆಲಸ ಬೇಕು, ಯಾರಿಗೆ ಮನೆ ಕೊಡಬೇಕು ಎಂದು ಕೇಳಲೇಬೇಕು. ಆ ಸಭೆಗಳು ಎಷ್ಟೋ ಕಡೆ ಕಾಟಾಚಾರಕ್ಕೆ ನಡೆಯುತ್ತವೆ ಎಂಬುದು ನಿಜ. ಆದರೂ ಎದ್ದು ನಿಂತು ಕೇಳಲು ಒಂದು ಜಾಗ ಇರುತ್ತದೆ. ಪಟ್ಟಣ ಪಂಚಾಯಿತಿಯಾದ ಕೂಡಲೇ ಊರು 1964ರ ಪೌರಸಭೆಗಳ ಕಾಯ್ದೆಯ ಕೆಳಗೆ ಬರುತ್ತದೆ. ಸಂವಿಧಾನದ 74ನೇ ತಿದ್ದುಪಡಿ ವಾರ್ಡ್ ಸಮಿತಿಗಳನ್ನು ಕಡ್ಡಾಯ ಮಾಡಿರುವುದು ಮೂರು ಲಕ್ಷ ಮತ್ತು ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಿಗೆ ಮಾತ್ರ. ಹತ್ತು ಸಾವಿರದಿಂದ ಇಪ್ಪತ್ತು ಸಾವಿರ ಜನರಿರುವ ನಮ್ಮಂಥ ಊರುಗಳು ನಡುವೆ ಸಿಕ್ಕಿಕೊಂಡಿವೆ. ಹಳ್ಳಿಗಿದ್ದ ಸಭೆ ನಮಗಿಲ್ಲ, ನಗರಕ್ಕಿರುವ ಸಮಿತಿಯೂ ಇಲ್ಲ. ಉದ್ಯೋಗ ಖಾತ್ರಿಯೂ ಹೋಯಿತು, ಏಕೆಂದರೆ ಅದು ಗ್ರಾಮೀಣ ಯೋಜನೆ. ಆದ್ದರಿಂದ ನಿಮ್ಮನ್ನು ಕರೆದು ಯಾರಾದರೂ ಕೇಳುತ್ತಾರೆ ಎಂದು ಕಾಯಬೇಡಿ. ನೀವೇ ಹೋಗಬೇಕು, ಹೋಗುವ ಹೊತ್ತು ಯಾವುದು ಎಂದು ತಿಳಿದಿರಬೇಕು. ನಮ್ಮ ಬೀದಿಯ ಚರಂಡಿಯ ಕಥೆ ಹೇಳಿದರೆ ಇದು ಸ್ಪಷ್ಟವಾಗುತ್ತದೆ.

ನನ್ನ ಅಂಗಡಿಯ ಮುಂದೆ ಹೊಸ ಸಿಮೆಂಟ್ ಚರಂಡಿ ಆಗಿತ್ತು. ಮೊದಲ ಮುಂಗಾರಿಗೇ ಅದು ಉಕ್ಕಿ ರಸ್ತೆಗೆ ಬಂತು. ಮಕ್ಕಳು ಚಪ್ಪಲಿ ಕೈಯಲ್ಲಿ ಹಿಡಿದು, ಅಂಗಡಿಗಳ ಜಗಲಿ ಹತ್ತಿ ಇಳಿದು ಶಾಲೆಗೆ ಹೋಗುತ್ತಿದ್ದರು. ವಾರ್ಡ್ ಸದಸ್ಯರಿಗೆ ಹೇಳಿದೆವು, "ನೋಡೋಣ" ಎಂದರು. ಕಚೇರಿಯಲ್ಲಿ ಕೇಳಿದರೆ, ಜನ ಪ್ಲಾಸ್ಟಿಕ್ ಎಸೆಯುತ್ತಾರೆ, ಅದಕ್ಕೇ ಕಟ್ಟಿಕೊಳ್ಳುತ್ತದೆ ಎಂದರು. ಅದರಲ್ಲಿ ಸತ್ಯವೂ ಇತ್ತು. ನಾವು ಅಂಗಡಿಯವರೆಲ್ಲ ಸೇರಿ ಎರಡು ಬಾರಿ ಶುಚಿ ಮಾಡಿಸಿದೆವು. ಮತ್ತೆ ಉಕ್ಕಿತು.

ಕಾರಣ ಹೇಳಿದವರು ನಮ್ಮ ಬೀದಿ ಗುಡಿಸುವ ಪೌರಕಾರ್ಮಿಕ ಮಹಿಳೆ. ಒಂದು ಬೆಳಗ್ಗೆ ಚರಂಡಿಯಿಂದ ಹೂಳು ಎತ್ತಿ ಹಾಕುತ್ತ, "ಎಷ್ಟು ತೆಗೆದರೂ ಇಷ್ಟೇ ಅಕ್ಕಾ, ನೀರು ಹಿಂದಕ್ಕೇ ಬರುತ್ತದೆ. ಆ ಮೋರಿ ಎತ್ತರ ಇದೆ" ಎಂದರು. ನಾಲ್ಕು ವರ್ಷ ದಿನಾ ಅದೇ ಬೀದಿಯ ಚರಂಡಿಗೆ ಬಗ್ಗಿದವರು ಅವರು. ಅವರನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಅಂದು ಸಂಜೆ ಪಕ್ಕದ ಮನೆಯ ಗಾರೆ ಮೇಸ್ತ್ರಿ ತಮ್ಮ ಲೆವೆಲ್ ಪೈಪ್ ತಂದರು. ಪಾರದರ್ಶಕ ಕೊಳವೆಯಲ್ಲಿ ನೀರು ತುಂಬಿಸಿ, ಒಂದು ತುದಿಯನ್ನು ನನ್ನ ಅಂಗಡಿಯ ಮುಂದಿನ ಚರಂಡಿಯಲ್ಲಿ, ಇನ್ನೊಂದನ್ನು ರಸ್ತೆಯ ಅಡಿಯಲ್ಲಿ ನೀರು ದಾಟಿಸುವ ಹಳೆಯ ಮೋರಿಯ ಬಾಯಲ್ಲಿ ಹಿಡಿದೆವು. ಕೊಳವೆಯಲ್ಲಿ ನೀರು ನಿಂತ ಗೆರೆಯಿಂದ ಎರಡೂ ಕಡೆ ಚರಂಡಿಯ ತಳದವರೆಗೆ ನನ್ನ ಅಂಗಡಿಯ ಅಳತೆ ಟೇಪಿನಲ್ಲಿ ಅಳೆದೆವು. ಮೋರಿಯ ತಳ ಚರಂಡಿಯ ತಳಕ್ಕಿಂತ ಮೂರು ಅಂಗುಲ ಮೇಲಿತ್ತು. ನೀರು ಏರು ಹತ್ತಬೇಕಿತ್ತು!

ನಮಗೆ ಬಂದ ಮೊದಲ ಯೋಚನೆ, ಗುತ್ತಿಗೆದಾರರು ದುಡ್ಡು ಹೊಡೆದಿದ್ದಾರೆ ಎಂಬುದು. ಬೀದಿಯಲ್ಲಿ ಎಲ್ಲರ ಬಾಯಲ್ಲೂ ಅದೇ. ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. ಆ ಕಾಮಗಾರಿಯ ಅಂದಾಜು ಪಟ್ಟಿ, ಕಾರ್ಯಾದೇಶ, ಮುಗಿದ ಕೆಲಸವನ್ನು ಅಳೆದು ಬರೆದಿಡುವ ಅಳತೆ ಪುಸ್ತಕದ ಪುಟಗಳು, ಇವುಗಳ ಪ್ರತಿ ಕೇಳಿದೆ. ನಮ್ಮ ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯದ ಮೇಲೆ, 150 ಪದಗಳೊಳಗೆ ಇರಬೇಕು. ನಾಲ್ಕು ವಿಷಯ ತುಂಬಿಸಿದರೆ ಅದೇ ನೆಪವಾಗಿ ವಾಪಸು ಬರುತ್ತದೆ. ಉತ್ತರಕ್ಕೆ 30 ದಿನದ ಗಡುವು. ನನಗೆ 28ನೇ ದಿನ ಪ್ರತಿಗಳು ಸಿಕ್ಕವು. ಓದಿ ನೋಡಿದರೆ ನಾವು ಅಂದುಕೊಂಡಿದ್ದ ಕಳ್ಳತನ ಅಲ್ಲಿರಲಿಲ್ಲ. ಬರೆದಷ್ಟು ಉದ್ದ, ಬರೆದಷ್ಟು ದಪ್ಪ, ಎಲ್ಲವೂ ಸರಿ ಇತ್ತು. ಅಂದಾಜು ಪಟ್ಟಿಯಲ್ಲಿ ಮೋರಿಯ ಹೆಸರೇ ಇರಲಿಲ್ಲ. ಚರಂಡಿಯ ನೀರು ಕೊನೆಗೆ ಎಲ್ಲಿಗೆ ಹೋಗಬೇಕು ಎಂದು ಯೋಚಿಸದೆ ಪಟ್ಟಿ ತಯಾರಾಗಿತ್ತು. ಆ ಕಾಗದ ನೋಡದೆ ಬೀದಿಯಲ್ಲಿ ನಿಂತು ಕೂಗಿದ್ದರೆ ಒಬ್ಬರ ಮೇಲೆ ಸುಳ್ಳು ಅಪವಾದ ಹೊರಿಸಿದಂತೆ ಆಗುತ್ತಿತ್ತು, ಮೋರಿ ಅಲ್ಲೇ ಇರುತ್ತಿತ್ತು. ಇನ್ನೊಂದು ವಿಷಯ ಗೊತ್ತಿರಲಿ: ಇದೇ ಕಾಯ್ದೆಯಲ್ಲಿ ಕಾಗದದ ಪ್ರತಿಯಷ್ಟೇ ಅಲ್ಲದೆ ಕಾಮಗಾರಿಯನ್ನು ಪರಿಶೀಲಿಸುವ, ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿಯನ್ನು ಪಡೆಯುವ ಹಕ್ಕೂ ಇದೆ. ರಸ್ತೆಗೆ ಹಾಕಿದ ಕಾಂಕ್ರೀಟಿನ ಬಗ್ಗೆ ನಿಮಗೆ ಸಂಶಯವಿದ್ದರೆ ಅದು ಉಪಯೋಗಕ್ಕೆ ಬರುತ್ತದೆ.

ಅಳತೆಗಳನ್ನೆಲ್ಲ ಬರೆದು, ಹದಿನೇಳು ಜನರ ಸಹಿ ಹಾಕಿಸಿ ಮುಖ್ಯಾಧಿಕಾರಿಗೆ ಅರ್ಜಿ ಕೊಟ್ಟೆವು. ಕಿರಿಯ ಎಂಜಿನಿಯರ್ ಬಂದು ನೋಡಿ ಒಪ್ಪಿದರು. ಆಮೇಲೆ ಹೇಳಿದ ಮಾತು ಮಾತ್ರ ನನ್ನನ್ನು ಕುಗ್ಗಿಸಿತು: "ಈ ವರ್ಷದ ಕ್ರಿಯಾ ಯೋಜನೆ ಹೋಗಿಬಿಟ್ಟಿದೆ."

ಈ ಕ್ರಿಯಾ ಯೋಜನೆ ಎಂಬ ಪದವನ್ನು ನೀವು ಗಟ್ಟಿಯಾಗಿ ಹಿಡಿದುಕೊಳ್ಳಿ. ಯಾವ ಅನುದಾನದಲ್ಲಿ ಯಾವ ಬೀದಿಯ ಯಾವ ಕೆಲಸ ಎಂಬ ಪಟ್ಟಿ ಅದು. ಪಟ್ಟಣ ಪಂಚಾಯಿತಿ ಸದಸ್ಯರ ಸಭೆಯಲ್ಲಿ ಒಪ್ಪಿಗೆಯಾಗಿ ಜಿಲ್ಲಾಧಿಕಾರಿಗಳ ಅನುಮೋದನೆಗೆ ಹೋಗುತ್ತದೆ. ಹೋದ ಮೇಲೆ ಎಷ್ಟೇ ನ್ಯಾಯವಾದ ಬೇಡಿಕೆ ಇದ್ದರೂ ಅದರೊಳಗೆ ತುರುಕುವುದು ಬಹಳ ಕಷ್ಟ. ಹಣದ ಒಂದು ಭಾಗವಂತೂ ಮೊದಲೇ ಹಂಚಿಕೆಯಾಗಿರುತ್ತದೆ. 2021ರಿಂದ 2026ರವರೆಗಿನ ಕೇಂದ್ರದ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ನಮ್ಮಂಥ ಸಣ್ಣ ಪಟ್ಟಣಗಳಿಗೆ ಶೇ 60ರಷ್ಟು ಹಣವನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಕಟ್ಟಿಹಾಕಿದ್ದರು. ಪಟ್ಟಣ ಪಂಚಾಯಿತಿಯ ನಿಧಿಯಲ್ಲಿ ಶೇ 24.10 ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಶೇ 7.25 ಇತರ ಬಡವರಿಗೆ, ಶೇ 5 ಅಂಗವಿಕಲರಿಗೆ ಮೀಸಲು. ಈ ಹಣ ಖರ್ಚಾಗದೆ ಉಳಿದಿದೆಯೇ ಎಂದು ಕೇಳುವುದು ಬಹಳ ಒಳ್ಳೆಯ ಪ್ರಶ್ನೆ. ನಮ್ಮ ಬೀದಿಯ ಕೊನೆಯ ಮನೆಯ ಹುಡುಗನಿಗೆ ತ್ರಿಚಕ್ರ ವಾಹನ ಸಿಕ್ಕಿದ್ದು ಅವನ ತಾಯಿ ಹಾಗೆ ಕೇಳಿದ್ದರಿಂದಲೇ.

ಹಾಗಾಗಿ ನಾವು ಮುಂದಿನ ಬಜೆಟ್‌ಗೆ ಕಾದೆವು. ಬಜೆಟ್‌ಗೆ ಮೊದಲು ಸಾರ್ವಜನಿಕರ ಸಲಹೆ ಕೇಳಲು ಪೂರ್ವಭಾವಿ ಸಭೆ ಕರೆಯುತ್ತಾರೆ. ಪ್ರಕಟಣೆ ಪತ್ರಿಕೆಯಲ್ಲಿ ನಾಲ್ಕು ಸಾಲು ಬರುತ್ತದೆ, ಕಚೇರಿಯ ಸೂಚನಾ ಫಲಕದಲ್ಲಿ ಒಂದು ಹಾಳೆ ಅಂಟಿಸಿರುತ್ತಾರೆ. ಡಿಸೆಂಬರ್ ಮುಗಿಯುತ್ತಿದ್ದಂತೆ ವಾರಕ್ಕೊಮ್ಮೆ ಹೋಗಿ ಆ ಫಲಕ ನೋಡಿ ಬನ್ನಿ. ನಾನು ಹೋದ ವರ್ಷ ಆ ಸಭೆಯಲ್ಲಿ ಹನ್ನೊಂದು ಜನ ಇದ್ದೆವು, ಅದರಲ್ಲಿ ಕಚೇರಿಯವರೇ ಆರು. ಇಡೀ ಊರಿನ ವರ್ಷದ ಹಣಕಾಸಿನ ಬಗ್ಗೆ ಮಾತಾಡಲು ಐವರು! ನನ್ನ ಸರದಿ ಬಂದಾಗ ಲೆವೆಲ್ ಪೈಪ್ ಹಿಡಿದು ಅಳೆದ ಫೋಟೊ, ಅಂದಾಜು ಪಟ್ಟಿಯ ಪ್ರತಿ, ಹಿಂದಿನ ಅರ್ಜಿಯ ಸ್ವೀಕೃತಿ, ಮೂರನ್ನೂ ಮೇಜಿನ ಮೇಲಿಟ್ಟೆ. ಚರಂಡಿ ಮಾಡಿಕೊಡಿ ಎನ್ನಲಿಲ್ಲ. ಇಂಥ ಮೋರಿಯ ತಳ ಮೂರು ಅಂಗುಲ ಮೇಲಿದೆ, ಒಡೆದು ತಗ್ಗಿಸಿ ಕಟ್ಟಬೇಕು ಎಂದೆ. ಸಲಹೆ ನಡವಳಿಯಲ್ಲಿ ದಾಖಲಾಯಿತು. ರಾಜ್ಯ ಹಣಕಾಸು ಆಯೋಗದ ಅನುದಾನದ ಕ್ರಿಯಾ ಯೋಜನೆಯಲ್ಲಿ ಸೇರಿತು. ಮುಂದಿನ ಮುಂಗಾರಿಗೆ ಮೊದಲು ಮೋರಿ ಆಯಿತು. ಆ ವರ್ಷದ ಮೊದಲ ದೊಡ್ಡ ಮಳೆಯ ದಿನ ನಾನು ಯಂತ್ರ ನಿಲ್ಲಿಸಿ ಬಾಗಿಲಲ್ಲಿ ನಿಂತೆ. ನೀರು ಕೆಂಪಗೆ ಸುತ್ತಿಕೊಂಡು ಮೋರಿಯೊಳಗೆ ಇಳಿದು ಹೋಗುತ್ತಿತ್ತು. ಮೇಸ್ತ್ರಿಯವರು ಕೊಡೆ ಹಿಡಿದು ಆಚೆ ಬದಿಯಲ್ಲಿ ನಿಂತಿದ್ದರು.

ಇಷ್ಟರಲ್ಲಿ ನಾನು ಕಲಿತ ಕೆಲವು ಸಣ್ಣ ವಿಷಯಗಳನ್ನೂ ಹೇಳುತ್ತೇನೆ. ಅರ್ಜಿಯನ್ನು ಯಾರ ಕೈಗೋ ಕೊಟ್ಟು ಬರಬೇಡಿ. ಎರಡು ಪ್ರತಿ ಒಯ್ದು ಟಪಾಲಿನಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಮೊಹರು, ದಿನಾಂಕ, ಆವಕ ಸಂಖ್ಯೆ ಬರೆಸಿಕೊಳ್ಳಿ. ಆ ಸಂಖ್ಯೆ ಇಲ್ಲದ ಅರ್ಜಿ ಕೊಟ್ಟೂ ಕೊಡದಂತೆ. ಬೀದಿದೀಪ, ಕಸದಂಥ ದಿನನಿತ್ಯದ ದೂರುಗಳಿಗೆ ಜನಹಿತ ಆ್ಯಪ್ ಇದೆ, 1902 ಸಹಾಯವಾಣಿ ಇದೆ. ಸರ್ಕಾರಿ ಸೇವೆಗಳಿಗೆ ದಿನದ ಗಡುವು ಹಾಕುವ ಸಕಾಲ ಕಾಯ್ದೆಯ ಪಟ್ಟಿಯಲ್ಲಿರುವ ಸೇವೆಗೆ ಅರ್ಜಿ ಕೊಟ್ಟಾಗ ಸಕಾಲ ಸಂಖ್ಯೆ ಕೇಳಿ ಪಡೆಯಿರಿ. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ ಪರಿಹಾರ ಕೊಡಬೇಕೆಂದು ಕಾಯ್ದೆಯೇ ಹೇಳುತ್ತದೆ. ಮೊತ್ತ ಸಣ್ಣದು, ಆದರೆ ಆ ಸಂಖ್ಯೆ ಇದ್ದರೆ ಕಡತ ಮೂಲೆ ಸೇರುವುದಿಲ್ಲ.

ಕಂದಾಯದ ಬಗ್ಗೆ ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ರಸೀದಿಯನ್ನು ಒಮ್ಮೆ ಬಿಡಿಸಿ ಓದಿ. ತೆರಿಗೆಯ ಮೇಲೆ ಆರೋಗ್ಯ ಉಪಕರ ಶೇ 15, ಗ್ರಂಥಾಲಯ ಉಪಕರ ಶೇ 6, ಭಿಕ್ಷುಕರ ಉಪಕರ ಶೇ 3 ಎಂದು ಸೇರಿರುತ್ತದೆ. ಉಪಕರಗಳು ಆಯಾ ಉದ್ದೇಶಕ್ಕೆ ಹೋಗುತ್ತವೆ, ಮೂಲ ತೆರಿಗೆ ಮಾತ್ರ ಊರಿನ ಕೈಯಲ್ಲಿ ಉಳಿಯುವ ಹಣ. ಏಪ್ರಿಲ್‌ನಲ್ಲೇ ಕಟ್ಟಿದರೆ ಶೇ 5 ರಿಯಾಯಿತಿಯೂ ಇದೆ. ದಯವಿಟ್ಟು ಸಿಟ್ಟಿಗೆ ತೆರಿಗೆ ನಿಲ್ಲಿಸಬೇಡಿ. ನಾನು ಪೂರ್ವಭಾವಿ ಸಭೆಯಲ್ಲಿ ಮಾತಾಡುವಾಗ ಒಬ್ಬರು, "ನಿಮ್ಮ ಬೀದಿಯಲ್ಲಿ ಬಾಕಿ ಎಷ್ಟಿದೆ ಗೊತ್ತೇ?" ಎಂದು ಕೇಳಿದರು. ನನ್ನ ಅಂಗಡಿಯದು ಬಾಕಿ ಇರಲಿಲ್ಲವಾದ್ದರಿಂದ ಮಾತು ಮುಂದುವರಿಸಲು ಸಾಧ್ಯವಾಯಿತು.

ನಿಮ್ಮಲ್ಲಿ ಈಗ ಚುನಾಯಿತ ಅಧ್ಯಕ್ಷರು ಇದ್ದಾರೆಯೇ ಎಂಬುದನ್ನೂ ನೋಡಿಕೊಳ್ಳಿ. 2018ರ ಆಗಸ್ಟ್‌ನಲ್ಲಿ ರಾಜ್ಯದ ನೂರಕ್ಕೂ ಹೆಚ್ಚು ನಗರ ಸ್ಥಳೀಯ ಸಂಸ್ಥೆಗಳಿಗೆ ಚುನಾವಣೆ ನಡೆದಾಗ, ಅಧ್ಯಕ್ಷ ಸ್ಥಾನದ ಮೀಸಲಾತಿ ನ್ಯಾಯಾಲಯದ ಮೆಟ್ಟಿಲೇರಿ, ಗೆದ್ದವರು ಎರಡು ವರ್ಷ ಅಧಿಕಾರವಿಲ್ಲದೆ ಕುಳಿತರು. ಅಂಥ ಹೊತ್ತಿನಲ್ಲಿ ಊರನ್ನು ನಡೆಸುವವರು ಸರ್ಕಾರ ನೇಮಿಸಿದ ಆಡಳಿತಾಧಿಕಾರಿ. ಆಗ ಅರ್ಜಿಯ ಪ್ರತಿ ಅವರಿಗೂ, ಜಿಲ್ಲಾ ನಗರಾಭಿವೃದ್ಧಿ ಕೋಶದ ಯೋಜನಾ ನಿರ್ದೇಶಕರಿಗೂ ಹೋಗಬೇಕು. ಜನ ಕೇಳುವವರಿಲ್ಲ ಎಂದು ಸುಮ್ಮನಾಗುವುದು ಇಂಥ ಕಾಲದಲ್ಲೇ, ಕೇಳಬೇಕಾದದ್ದೂ ಆಗಲೇ.

ನಮ್ಮ ಕೆಲಸ ಮುಗಿದಿಲ್ಲ. ಮೋರಿ ದಾಟಿದ ನೀರು ಈಗ ನೇರ ಊರ ಕೆರೆಗೆ ಹೋಗುತ್ತಿದೆ. ಮಳೆಯ ನೀರಿನ ಜೊತೆ ಬಚ್ಚಲ ನೀರೂ ಇದೆ. ಬೀದಿ ಒಣಗಿಸಿಕೊಳ್ಳುವ ಭರದಲ್ಲಿ ನಾವು ಆ ಕೆರೆಯ ಬಗ್ಗೆ ಯೋಚಿಸಲಿಲ್ಲ, ಅದು ನನ್ನನ್ನು ಚುಚ್ಚುತ್ತದೆ. ಕೆರೆಗೆ ಸೇರುವ ಮುನ್ನ ನೀರು ಶುದ್ಧವಾಗುವಂತೆ ಏನಾದರೂ ಮಾಡಬೇಕೆಂದು ಹೋದ ತಿಂಗಳು ಅರ್ಜಿ ಕೊಟ್ಟಿದ್ದೇವೆ, ಆವಕ ಸಂಖ್ಯೆ ಬಂದಿದೆ. ಈ ಬಾರಿ ಪೂರ್ವಭಾವಿ ಸಭೆಗೆ ನಮ್ಮ ಬೀದಿಯಿಂದಲೇ ಇಪ್ಪತ್ತು ಜನ ಹೋಗುತ್ತಿದ್ದೇವೆ. ಪೌರಕಾರ್ಮಿಕ ಮಹಿಳೆಯೂ ಬರುತ್ತೇನೆ ಎಂದಿದ್ದಾರೆ.

ನಿಮ್ಮ ಚರಂಡಿಯ ಸಮಸ್ಯೆ ನಿಖರವಾಗಿ ಏನು, ನೀರು ಎಲ್ಲಿ ನಿಲ್ಲುತ್ತದೆ, ಹಿಂದೆ ಅಲ್ಲಿ ಯಾವ ಕಾಮಗಾರಿ ಆಗಿದೆ ಎಂದು ಇಲ್ಲಿಯೇ ಬರೆಯಿರಿ. ನಾನು ಹಾಕಿದ ಮಾಹಿತಿ ಹಕ್ಕಿನ ಅರ್ಜಿಯ ಒಕ್ಕಣೆಯನ್ನು ನಿಮಗೆ ಹೊಂದುವಂತೆ ಬದಲಿಸಿ ಕೊಡುತ್ತೇನೆ.