1900ರ ಆಸುಪಾಸಿನಲ್ಲಿ ಅಮೆರಿಕದ ಮಧ್ಯಪಶ್ಚಿಮದ ರೈತರ ಮದುವೆಗಳು ಹೇಗೆ ನಡೆಯುತ್ತಿದ್ದವು?

ಸಿನಿಮಾಗಳಲ್ಲಿ ಕಾಣುವ ಚರ್ಚಿನ ವೈಭವವನ್ನು ಮರೆತುಬಿಡಿ. ಅಯೋವಾ, ಇಲಿನಾಯ್, ನೆಬ್ರಾಸ್ಕಾದ ಹಳ್ಳಿಗಳಲ್ಲಿ ಎಷ್ಟೋ ಮದುವೆಗಳು ವಧುವಿನ ತವರಿನ ನಡುಮನೆಯಲ್ಲೇ ಮುಗಿಯುತ್ತಿದ್ದವು. ವರನು ಕೌಂಟಿ (ಅಲ್ಲಿನ ಜಿಲ್ಲೆ) ಕಚೇರಿಯಿಂದ ಪರವಾನಗಿ ತರುತ್ತಿದ್ದ, ಪಾದ್ರಿ ಮನೆಗೇ ಬರುತ್ತಿದ್ದರು, ಆಮೇಲೆ ಊಟ. ಕ್ಯಾಥೊಲಿಕ್ಕರು ಮಾತ್ರ ಸಾಮಾನ್ಯವಾಗಿ ಬೆಳಗಿನ ಪೂಜೆಯೊಂದಿಗೆ ಚರ್ಚಿನಲ್ಲೇ ಮದುವೆಯಾಗುತ್ತಿದ್ದರು. ಬಿಳಿ ಉಡುಪು ಕಡ್ಡಾಯವಾಗಿರಲಿಲ್ಲ. ಮುಂದೆ ಭಾನುವಾರಗಳಲ್ಲಿ ಉಡಲು ಬರುವಂಥ ಕಂದು, ನೀಲಿ ಅಥವಾ ಕಪ್ಪು ಉಡುಪನ್ನೇ ಅನೇಕರು ಹೊಲಿಸಿಕೊಳ್ಳುತ್ತಿದ್ದರು. ಜಾಣತನವೇ ಸರಿ.

ಮುಹೂರ್ತ ಇಡುತ್ತಿದ್ದುದು ಪಂಚಾಂಗವಲ್ಲ, ಬೇಸಾಯ. ಮೆಕ್ಕೆಜೋಳದ ಕೊಯ್ಲು ಮುಗಿದ ಮೇಲೆ ಪುರುಸೊತ್ತು. ಗೇಣಿ ಜಮೀನು ಕೈ ಬದಲಾಗುವ ವಾಡಿಕೆಯ ದಿನ ಮಾರ್ಚ್ 1. ಆದ್ದರಿಂದ ಫೆಬ್ರವರಿಯಲ್ಲಿ ಮದುವೆಯಾದರೆ ಜೋಡಿ ನೇರವಾಗಿ ಹೊಸ ಹೊಲಕ್ಕೆ ಹೋಗಬಹುದಿತ್ತು. ತವರಿನಿಂದ ಹಸು, ಗರಿಯ ಹಾಸಿಗೆ, ಕೌದಿಗಳು ಬರುತ್ತಿದ್ದವು.

ಜರ್ಮನ್ ಮೂಲದವರ ಕೆಲವು ಊರುಗಳಲ್ಲಿ ಆಮಂತ್ರಣ ಪತ್ರಿಕೆಯ ಬದಲು ಒಬ್ಬ ಯುವಕ ಮನೆಮನೆಗೆ ಹೋಗಿ ಪ್ರಾಸಬದ್ಧವಾಗಿ ಕರೆಯುತ್ತಿದ್ದ. ಪ್ರತಿ ಮನೆಯವರೂ ಅವನಿಗೊಂದು ರಿಬ್ಬನ್ ಸಿಕ್ಕಿಸಿ, ಒಂದು ಗುಟುಕು ಮದ್ಯ ಕೊಡುತ್ತಿದ್ದರು. ಕೊನೆಯ ಮನೆ ತಲುಪುವಾಗ ಅವನ ಪ್ರಾಸ ಎಷ್ಟು ನೆಟ್ಟಗಿರುತ್ತಿತ್ತೋ, ನೀವೇ ಊಹಿಸಿ.

ನಿಜವಾದ ಗದ್ದಲ ರಾತ್ರಿಯದು. ‘ಶಿವರೀ’ ಎಂಬ ಪದ್ಧತಿಯಲ್ಲಿ ನೆರೆಯ ಹುಡುಗರು ಕತ್ತಲಲ್ಲಿ ಮನೆಯನ್ನು ಸುತ್ತುವರಿದು ತಗಡು, ಬಾಣಲೆ, ಹಸುವಿನ ಗಂಟೆ ಬಾರಿಸುತ್ತಿದ್ದರು, ಕೋವಿ ಹಾರಿಸುತ್ತಿದ್ದರು. ಮದುಮಕ್ಕಳು ಹೊರಬಂದು ಸಿಗಾರ್, ಮಿಠಾಯಿ ಅಥವಾ ಬಿಯರಿಗೆ ಕಾಸು ಕೊಡುವವರೆಗೂ ಬಿಡುತ್ತಿರಲಿಲ್ಲ.