ತೆಗೆದಿಟ್ಟ ಎದೆಹಾಲನ್ನು ಕುದಿಸಬೇಡಿ

ಡೊಂಬಿವಲಿಯಿಂದ ಕೇಳಿದ ಅಕ್ಕಾ, ನೀವು ಆಫೀಸಿಗೆ ಹೋದಾಗ ಅತ್ತೆ ಫ್ರಿಜ್ಜಿನ ಎದೆಹಾಲನ್ನು ಕುದಿಸಿ ಕೊಡುತ್ತಾರೆ, ಗುಣ ಹೋಗುತ್ತಾ ಅಂದಿರಿ. ಹೌದು, ರೋಗ ತಡೆಯುವ ಗುಣ ಜಾಸ್ತಿ ಪಾಲು ಹೋಗುತ್ತದೆ.

ಬ್ಯಾಕ್ಟೀರಿಯಾ ಬೆಳೆಯಲು ಕಬ್ಬಿಣದ ಅಂಶ ಬೇಕು. ಹಾಲಿನ ಲ್ಯಾಕ್ಟೋಫೆರಿನ್ ಎಂಬ ಪ್ರೋಟೀನ್ ಅದನ್ನು ಮೊದಲೇ ಹಿಡಿದಿಟ್ಟುಕೊಳ್ಳುತ್ತದೆ. ಲೈಸೋಝೈಮ್ ಎಂಬ ಇನ್ನೊಂದು ಪ್ರೋಟೀನ್ ಬ್ಯಾಕ್ಟೀರಿಯಾದ ಹೊರಗೋಡೆಯನ್ನೇ ಒಡೆಯುತ್ತದೆ; ಹಸುವಿನ ಹಾಲಲ್ಲಿ ಇದು ತೀರಾ ಕಡಿಮೆ. ಐಜಿಎ ಎಂಬ ಪ್ರತಿಕಾಯಗಳು (ರೋಗಾಣುವಿನ ವಿರುದ್ಧ ದೇಹ ತಯಾರಿಸುವ ಪ್ರೋಟೀನುಗಳು) ರೋಗಾಣು ಮಗುವಿನ ಕರುಳಿಗೆ ಅಂಟದಂತೆ ತಡೆಯುತ್ತವೆ. ಕುದಿಸಿದರೆ ಇವೆಲ್ಲ ಕೆಡುತ್ತವೆ.

ನಮ್ಮ ಮುಂಬೈಯ ಸಯನ್ ಆಸ್ಪತ್ರೆಯಲ್ಲಿ 1989ರಿಂದಲೇ ಎದೆಹಾಲಿನ ಬ್ಯಾಂಕ್ ಇದೆ, ಅಲ್ವಾ? ಇಂಥ ಬ್ಯಾಂಕುಗಳಲ್ಲಿ ಬೇರೆ ತಾಯಂದಿರ ಹಾಲನ್ನೂ ಸಾಮಾನ್ಯವಾಗಿ 62.5 ಡಿಗ್ರಿ ಸೆಲ್ಸಿಯಸ್‌ಗಷ್ಟೇ ಕಾಯಿಸುತ್ತಾರೆ. ಅಷ್ಟಕ್ಕೇ ಸ್ವಲ್ಪ ಗುಣ ಕಡಿಮೆಯಾಗುತ್ತದೆ.

ಬಾಟಲಿಯನ್ನು ಬೆಚ್ಚಗಿನ ನೀರಿನ ಪಾತ್ರೆಯಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಸಾಕು. ಅತ್ತೆಗೆ ಮೆಲ್ಲಗೆ ಹೇಳಿ, ಅವರೂ ಮೊಮ್ಮಗುವಿನ ಕಾಳಜಿಯಿಂದಲೇ ಕುದಿಸುತ್ತಿದ್ದಾರೆ.